ಹಳ್ಳದ ಅಧ್ಯಾಯ

ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಗಿರುವ ಆ ಊರಿನಲ್ಲಿ ವಾದ ಮಾಡಲು ಬಾರದವನು ಒಬ್ಬನೂ ಇರಲಿಲ್ಲ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಯಿಂದ ವಾರಪತ್ರಿಕೆ ಬರುತ್ತಿತ್ತು. ಬಸ್ಸು ಎಬ್ಬಿಸಿದ ಧೂಳು ಇಳಿಯುವುದರೊಳಗೆ ದಾವೂದಸಾಬನ ಹೊಲಿಗೆ ಅಂಗಡಿಯ ಮುಂದೆ ಮಂದಿ ಸೇರಿರುತ್ತಿತ್ತು. ಊರಿಗೆಲ್ಲ ಪತ್ರಿಕೆ ಒಂದೇ, ಓದಿ ಹೇಳುವವನೂ ಒಬ್ಬನೇ. ಉಳಿದವರದೆಲ್ಲ ತಕರಾರು ತೆಗೆಯುವ ಕೆಲಸ. ಧಾರಾವಾಹಿಯ ನಾಯಕಿ ಅತ್ತೆಯ ಮನೆ ಬಿಟ್ಟು ಹೊರಟದ್ದು ಸರಿಯೋ ತಪ್ಪೋ, ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯ ಎನ್ನಬಹುದೋ ಇಲ್ಲವೋ, ಅಣ್ಣಿಗೇರಿ ಟಾಕೀಸಿಗೆ ಬಂದ ಹೊಸ ಸಿನಿಮಾದಲ್ಲಿ ಕಡೆಗೆ ನಾಯಕ ಸತ್ತದ್ದು ನ್ಯಾಯವೋ ಅನ್ಯಾಯವೋ ಎಂದು ದನಿ ಏರಿಸಿ ಜಗಳಾಡುತ್ತಿದ್ದರು. ಅಷ್ಟು ಹೊತ್ತು ಎತ್ತುಗಳು ನೀರು ಕಾಣದೆ ನಿಂತಿರುತ್ತಿದ್ದವು.

"ರೊಕ್ಕಾ ಕೊಟ್ಟು ಹೋಗಿ ಅಳಕೋಂತ ಬರಬೇಕೇನ್ರಿ?" ಎಂದು ದಾವೂದಸಾಬ ಮಷಿನ್ನಿನ ಮೇಲಿನ ಕಾಲು ನಿಲ್ಲಿಸದೆ ಕೇಳುತ್ತಿದ್ದ. "ಹೀರೋನ್ನ ಕೊಲ್ಲೋ ಡೈರೆಕ್ಟರಗ ನಾ ಅಂತೂ ಅಂಗಿ ಹೊಲದು ಕೊಡಂಗಿಲ್ಲ."

ಆ ಡೈರೆಕ್ಟರು ಇವನ ಹತ್ತಿರ ಅಂಗಿ ಹೊಲಿಸಲು ಮದರಾಸಿನಿಂದ ಗಾಡಿ ಹತ್ತಿ ಕೂತಿದ್ದ ನೋಡಿ!

"ಸಾವಿಲ್ಲದ ಕಥಿ ಕಥೀನ ಅಲ್ಲೋ ಸಾಬಾ," ಎಂದು ಬೆಂಚಿನ ಮೇಲಿಂದ ಶಂಭುಲಿಂಗಪ್ಪ ಮಾಸ್ತರರು ಹೇಳುತ್ತಿದ್ದರು. "ಅದು ಪುಠಾಣಿ. ಕೂತು ತಿನ್ನೋದು, ಎದ್ದು ಮರಿಯೋದು."

ಮಾಸ್ತರರು ಊರ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಮಾತಿಗೆ ಎದುರು ಮಾತಾಡುವ ಧೈರ್ಯ ಇದ್ದದ್ದು ಇಬ್ಬರಿಗೆ. ಒಬ್ಬ ದಾವೂದಸಾಬ. ಇನ್ನೊಬ್ಬ ಪತ್ರಿಕೆ ಓದಿ ಹೇಳುತ್ತಿದ್ದ ಗುಡದಪ್ಪ.

ಗುಡದಪ್ಪ ಊರ ಹೊರಗಿನ ಕೇರಿಯವನು, ಅದೇ ಮಾಸ್ತರರ ಶಿಷ್ಯ. ಅವ್ವ ತಾಯವ್ವ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಮಗನನ್ನು ಧಾರವಾಡದ ಹಾಸ್ಟೆಲ್ಲಿಗೆ ಕಳಿಸಿ ಬಿ.ಎ. ಮಾಡಿಸಿದ್ದಳು. ಊರಿಗೆ ಗ್ರಂಥಾಲಯ ಬಂದಾಗ ಅದರ ಸಮಿತಿಯ ಅಧ್ಯಕ್ಷರಾಗಿದ್ದ ಈರಬಸಪ್ಪ ಗೌಡರು ಮಾಸ್ತರರ ಮಾತು ಕೇಳಿ ಅವನನ್ನೇ ಅದಕ್ಕೆ ಇಟ್ಟರು. ಗ್ರಂಥಾಲಯವೆಂದರೆ ಹಳೆ ಚಾವಡಿಯ ಒಂದು ಕೋಣೆ, ಎರಡು ಕಪಾಟು, ಒಂದು ಉದ್ದನೆ ಮೇಜು. ಅಂಗಡಿಯ ಮುಂದೆ ಓದುವಾಗ ಗುಡದಪ್ಪ ಮೆಟ್ಟಿಲ ಮೇಲೆ ಕೂಡುತ್ತಿದ್ದ. ಬೆಂಚಿನ ಮೇಲೆ ಬಾ ಎಂದು ಯಾರೂ ಕರೆದಿರಲಿಲ್ಲ, ಬರಬೇಡ ಎಂದೂ ಯಾರೂ ಹೇಳಿರಲಿಲ್ಲ. ವಾದದ ಭರದಲ್ಲಿ ಅವನಿಗೂ ಅದು ಮರೆತು ಹೋಗುತ್ತಿತ್ತು. ತಪ್ಪಾದದ್ದು ಅಲ್ಲೇ.

ಆ ಊರಿನಲ್ಲಿ ಬೇರೆಲ್ಲೂ ಇಲ್ಲದ ಒಂದು ರೂಢಿ ಇತ್ತು. ಉಳಿದ ಊರುಗಳಲ್ಲಿ ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಇಲ್ಲಿ ಕಾದಂಬರಿ ಓದುತ್ತಿದ್ದರು. ಮಾಸ್ತರರು ಇನ್ನೂ ಹರೆಯದವರಾಗಿದ್ದ ಕಾಲಕ್ಕೆ ಒಂದು ಶ್ರಾವಣದಲ್ಲಿ ಬೆಣ್ಣಿಹಳ್ಳ ದಂಡೆ ಮೀರಿ ಬಂದು, ಪುರಾಣ ಹೇಳುವ ಶಾಸ್ತ್ರಿಗಳು ಆಚೆ ದಂಡೆಯಲ್ಲೇ ಉಳಿದರು. ನೆರೆದ ಮಂದಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಮಾಸ್ತರರು ಕೈಯಲ್ಲಿದ್ದ 'ಬೆಣ್ಣಿಹಳ್ಳದ ಗೌಡತಿ' ಎಂಬ ಕಾದಂಬರಿಯನ್ನೇ ಓದತೊಡಗಿದರು. ತಮ್ಮದೇ ಹಳ್ಳ, ತಮ್ಮದೇ ಎರೆಹೊಲ, ತಮ್ಮದೇ ಬೈಗುಳ ಪುಸ್ತಕದೊಳಗಿಂದ ಕೇಳಿ ಬಂದಾಗ ಮಂದಿ ಕಣ್ಣು ಒರೆಸಿಕೊಂಡರು. ಮರುವರ್ಷ ಶಾಸ್ತ್ರಿಗಳನ್ನು ಕರೆಯಲೇ ಇಲ್ಲ. ಅಂದಿನಿಂದ ಕಾದಂಬರಿಗೆ ಕೆಂಪು ಮಡಿಬಟ್ಟೆ ಸುತ್ತಿದರು, ವಿಭೂತಿ ಹಚ್ಚಿದರು, ಕಾಯಿ ಒಡೆದರು. ಮಠದ ಪಡಸಾಲೆಯಲ್ಲಿ ಓದುವವರಿಗೆ ಗಾದಿ ಹಾಸಿದರು. ಗೌಡತಿ ಹಡೆಯುವ ಅಧ್ಯಾಯ ಬಂದ ದಿನ ಮಠದಲ್ಲಿ ತೊಟ್ಟಿಲು ಕಟ್ಟಿ, ಗುಂಡುಕಲ್ಲನ್ನು ಕೂಸು ಮಾಡಿ ಮಲಗಿಸಿ, ಹೆಣ್ಣುಮಕ್ಕಳು ಜೋಗುಳ ಹಾಡಿ ಗುಗ್ಗರಿ ಹಂಚುತ್ತಿದ್ದರು. ಕಾದಂಬರಿ ಬರೆದ ಪುಣ್ಯಾತ್ಮನಿಗೆ ಇದು ಗೊತ್ತಾಗಿದ್ದರೆ ನಕ್ಕಿರುತ್ತಿದ್ದನೋ ಹೆದರಿರುತ್ತಿದ್ದನೋ, ಅವನು ಎಂದೋ ತೀರಿಕೊಂಡಿದ್ದ.

ಗುಡದಪ್ಪ ಈ ಕಾದಂಬರಿಯನ್ನು ಹುಟ್ಟಿದಾಗಿನಿಂದ ಕೇಳಿದ್ದು ಮಠದ ಗೋಡೆಯಾಚೆ, ಬೇವಿನ ಗಿಡದ ಬುಡದಲ್ಲಿ, ಅವ್ವನ ತೊಡೆಯ ಮೇಲೆ ಕೂತು. ಕೇರಿಯವರು ಕೂಡುವ ಜಾಗ ಅದು. ಅವರೆಲ್ಲ ಕಾಯುತ್ತಿದ್ದದ್ದು ಒಂದೇ ಅಧ್ಯಾಯಕ್ಕೆ. ಗೌಡತಿ ಹೆರಿಗೆಗೆ ಅಡ್ಡಾಗಿರುತ್ತಾಳೆ, ಸೂಲಗಿತ್ತಿ ಹಳ್ಳದ ಆಚೆ ಇರುತ್ತಾಳೆ, ಹಳ್ಳ ತುಂಬಿ ಹರಿಯುತ್ತಿರುತ್ತದೆ. ಗೌಡನ ಮನೆಯ ಆಳು, ಕೇರಿಯವನು, ಈಜಿ ಹೋಗಿ, ಸೂಲಗಿತ್ತಿಯನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕೂಡಿಸಿ, ನೀರಲ್ಲಿ ದೂಡಿಕೊಂಡು ತರುತ್ತಾನೆ. ಅವಳ ಕಾಲು ದಂಡೆಗೆ ಹತ್ತಿದ ಮೇಲೆ ಅವನ ಕೈ ಸೋಲುತ್ತದೆ. ಹಳ್ಳ ಅವನನ್ನು ಒಯ್ಯುತ್ತದೆ. ಗೋಡೆಯ ಈಚೆ ಜೋಗುಳ ಏಳುವಾಗ ಗೋಡೆಯ ಆಚೆ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಗುಗ್ಗರಿ ಬಂದಾಗ ತಾಯವ್ವ ಮೊದಲ ಹಿಡಿಯನ್ನು ಹಳ್ಳದ ದಿಕ್ಕಿಗೆ ನೆಲದ ಮೇಲೆ ಎಡೆ ಇಟ್ಟು, "ಇದು ನಮ್ಮಾಂವಗ" ಎಂದು ಆಮೇಲೆ ತಾನು ತಿನ್ನುತ್ತಿದ್ದಳು. ಅವನು ಕಾದಂಬರಿಯವನು ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರೂ ಅವನು ನಮ್ಮಾಂವನೇ.

ಹೀಗಾಗಿ ಗುಡದಪ್ಪನಿಗೆ ಜೀವನದಲ್ಲಿ ಒಂದೇ ಆಸೆ. ಆ ಗಾದಿಯ ಮೇಲೆ ಕೂತು, ಗೋಡೆಯಾಚೆ ಕೂತ ಅವ್ವನಿಗೆ ಕೇಳುವ ಹಾಗೆ ಆ ಅಧ್ಯಾಯವನ್ನು ತಾನು ಓದಬೇಕು. ಮಾಸ್ತರರ ಕಣ್ಣಿಗೆ ಪೊರೆ ಬಂದಿತ್ತು, ದನಿಯೂ ಬಿದ್ದಿತ್ತು. "ನಾ ಬಿಟ್ಟಮ್ಯಾಲ ನೀನ ಓದಬೇಕಲ್ಲೋ," ಎಂದು ಅವರು ಒಂದೆರಡು ಸಲ ಅಂದಿದ್ದರು. ಮಾಸ್ತರರು ಅಂದದ್ದನ್ನು ಮರೆತಿರಬಹುದು, ಇವನು ಮರೆಯಲಿಲ್ಲ.

ಎಂಬತ್ತೈದನೆಯ ಇಸವಿ ಇರಬೇಕು. ಒಂದು ಗುರುವಾರ ಪತ್ರಿಕೆಯ ಓದುಗರ ಅಂಕಣದಲ್ಲಿ ಯಾರೋ ಧಾರಾವಾಹಿಯ ತಪ್ಪು ಹಿಡಿದಿದ್ದರು. ಹೋದ ತಿಂಗಳು ನಾಯಕಿಯ ಅಪ್ಪ ಸತ್ತಿದ್ದ, ಈ ತಿಂಗಳು ಬಂದು ಕನ್ಯಾದಾನ ಮಾಡಿದ್ದ. ಅಂಗಡಿಯ ಮುಂದೆ ನಗುವೋ ನಗು. ಮಾಸ್ತರರು ಮೀಸೆಯ ಮೇಲೆ ಕೈ ಹಾಕಿ, "ಇಂದಿನ ಬರವಣಗಿ ಹಿಂಗ. ನಮ್ಮ ಗೌಡತಿಯೊಳಗ ಅಂಥಾದ್ದೊಂದು ಯಾರರ ತೋರಸ್ಲಿ ನೋಡೂಣು, ಈ ಮೀಸಿ ಬೋಳಸ್ತೇನಿ," ಎಂದರು.

ಗುಡದಪ್ಪ ಪತ್ರಿಕೆಯಿಂದ ಮುಖ ಎತ್ತಲಿಲ್ಲ. ಅಂಥಾದ್ದೊಂದು ಇತ್ತು. ಅವನು ಕಾಲೇಜಿನಲ್ಲಿದ್ದಾಗಲೇ ಕಂಡಿದ್ದ. ನಾಲ್ಕನೆಯ ಅಧ್ಯಾಯದಲ್ಲಿ ಆ ಆಳಿನ ಹೆಸರು ಕರಿಯ. ಹಳ್ಳದ ಅಧ್ಯಾಯದಲ್ಲಿ ಅವನೇ ದುರುಗ. ಗೌಡತಿಯ ಮೈಮೇಲಿನ ಒಂದೊಂದು ಒಡವೆಯನ್ನೂ ಮೊದಲಿನಿಂದ ಕಡೆತನಕ ತಪ್ಪದೆ ನೆನಪಿಟ್ಟ ಲೇಖಕ, ಅವಳ ಜೀವ ಉಳಿಸಿದವನ ಹೆಸರನ್ನು ನಡುವೆ ಮರೆತಿದ್ದ. ಮೂವತ್ತು ವರ್ಷ ಓದಿದ ಮಾಸ್ತರರಿಗೂ, ಕೇಳಿದ ಊರಿಗೂ ಅದು ಹೊಳೆದಿರಲಿಲ್ಲ. ಗೋಡೆಯಾಚೆಯವರಿಗೂ ಹೊಳೆದಿರಲಿಲ್ಲ, ಅವರಿಗೆ ಅವನು ಬರೀ ನಮ್ಮಾಂವ.

ಗುಡದಪ್ಪ ಪತ್ರಿಕೆಗೆ ಬರೆದ. ಸಿಟ್ಟಿನಿಂದ ಬರೆಯಲಿಲ್ಲ. ಗೋಡೆಯಾಚೆ ಕೂತು ಈ ಕಾದಂಬರಿ ಕೇಳಿ ಬೆಳೆದವನು ನಾನು, ಇದರಷ್ಟು ಪ್ರೀತಿ ನನಗೆ ಇನ್ನೊಂದು ಪುಸ್ತಕದ ಮೇಲಿಲ್ಲ ಎಂದೇ ಶುರು ಮಾಡಿದ. ದೊಡ್ಡ ಕೃತಿಯೊಂದು ತನ್ನೊಳಗಿನ ಒಬ್ಬನ ಹೆಸರನ್ನು ಮರೆತರೆ ಅದನ್ನು ಕೈತಪ್ಪು ಎನ್ನಬೇಕೋ, ಆ ಕೃತಿಯ ಕಣ್ಣೇ ಅಷ್ಟು ಎನ್ನಬೇಕೋ ಎಂದು ಕೇಳಿದ. ಅಂಗಡಿಯ ಮುಂದೆ ಸಿನಿಮಾದ ಸಲುವಾಗಿ ಅಷ್ಟು ಹೊಡೆದಾಡುವ ಮಂದಿ, ಇದಕ್ಕೂ ಹಾಗೇ ತನ್ನ ಜೊತೆ ಕಾದಾಡುತ್ತಾರೆಂದು ತಿಳಿದ. ಮಾಸ್ತರರು ಎದೆ ತಟ್ಟಿ ಉತ್ತರ ಕೊಡುತ್ತಾರೆಂದು ತಿಳಿದ. ಎಂಥಾ ಹುಚ್ಚ!

ಪತ್ರ ಅಚ್ಚಾಯಿತು, ಊರ ಹೆಸರಿನ ಸಮೇತ. ಮೊದಲ ಗುರುವಾರ ಊರು ಉಬ್ಬಿತು. ನಮ್ಮೂರು ಪೇಪರಿನಲ್ಲಿ ಬಂತೆಂದು ದಾವೂದಸಾಬ ಎಲ್ಲರಿಗೂ ಚಾ ತರಿಸಿದ. "ಮಾಸ್ತರ, ಕತ್ತರಿ ತಯಾರ ಐತ್ರಿ, ಮೀಸಿ ತರ್ರಿ," ಎಂದು ಚಾಷ್ಟಿ ಮಾಡಿದ. ಮಾಸ್ತರರು ನಗಲಿಲ್ಲ. ಚಾ ಆರುವತನಕ ಕೂತು, ಕುಡಿಯದೆ ಎದ್ದು ಹೋದರು. ಮರುವಾರದಿಂದ ಬೆಂಚಿಗೆ ಬರಲಿಲ್ಲ.

ಆಮೇಲೆ ಉತ್ತರಗಳ ಸುರಿಮಳೆ. ನನ್ನ ತಾಯಿ ಓದಿ ಅತ್ತ ಕಾದಂಬರಿಗೆ ಕಲ್ಲು ಹೊಡೆಯಲು ಇವನಾರು ಎಂದು ಹುಬ್ಬಳ್ಳಿಯ ಒಬ್ಬಾಕೆ ಬರೆದಳು. ಬಮ್ಮಿಗಟ್ಟಿಯ ಒಬ್ಬರು ಭಾವ ಮುಖ್ಯ, ಹೆಸರಲ್ಲ ಎಂದರು. ಕುಂದಗೋಳದವರೊಬ್ಬರು ಎಲ್ಲ ತಪ್ಪನ್ನೂ ಅಚ್ಚಿನ ಮೊಳೆ ಜೋಡಿಸುವವನ ತಲೆಗೆ ಕಟ್ಟಿದರು. ಪುಕ್ಕಟೆ ಹಾಸ್ಟೆಲ್ಲಿನಲ್ಲಿ ಉಂಡವರಿಗೆ ಸಾಹಿತ್ಯದ ರುಚಿ ಎಲ್ಲಿಂದ ಬರಬೇಕು ಎಂದು ಇನ್ನೊಬ್ಬ ಮಹಾಶಯ, ತನ್ನ ಹೆಸರು ಮಾತ್ರ ಮುಚ್ಚಿಟ್ಟು, ಕೇಳಿದ. ಇವನ್ನೆಲ್ಲ ಗುಡದಪ್ಪ ಮೆಟ್ಟಿಲ ಮೇಲೆ ಕೂತು ಗಟ್ಟಿ ದನಿಯಲ್ಲಿ ಓದಬೇಕಾಯಿತು. ಓದಿದ. ಕಡೆಗೆ ಧಾರವಾಡದ ಪ್ರಾಧ್ಯಾಪಕರೊಬ್ಬರು ಅವನ ಪರ ನಿಂತರು. ಅವರು ಅದನ್ನು ನೊಂದ ಜನಾಂಗದ ಆಕ್ರೋಶ ಎಂದು ಹೊಗಳಿ, ಕಾದಂಬರಿಗೆ ಪೂಜೆ ಮಾಡುವ ಆ ಊರು ಈ ತರುಣನನ್ನು ಓದುವ ಗಾದಿಯ ಮೇಲೆ ಕೂಡಿಸೀತೇ ಎಂದು ಸವಾಲು ಹಾಕಿದರು. ಅದರ ಮರುವಾರ ಸಂಪಾದಕರು ಚರ್ಚೆಯನ್ನು ಮುಗಿಸಿಬಿಟ್ಟರು.

ಬೈದವರಿಗಿಂತ ಹೊಗಳಿದವರು ಗುಡದಪ್ಪನನ್ನು ಹೆಚ್ಚು ದಣಿಸಿದರು. ಅವನು ಆಕ್ರೋಶ ಮಾಡಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದ. ಇಷ್ಟು ಮಂದಿಯಲ್ಲಿ ಒಬ್ಬರಾದರೂ ನಾಲ್ಕನೆಯ ಅಧ್ಯಾಯವನ್ನೂ ಹಳ್ಳದ ಅಧ್ಯಾಯವನ್ನೂ ಎದುರು ಬದುರು ಇಟ್ಟುಕೊಂಡು ನೋಡಿದ ಗುರುತಿರಲಿಲ್ಲ. ಎಲ್ಲರೂ ಓದಿದ್ದು ಅವನನ್ನು.

ಆದರೆ ಆ ಸವಾಲು ಈರಬಸಪ್ಪ ಗೌಡರಿಗೆ ನಾಟಿತು. ಶ್ರಾವಣಕ್ಕೆ ಇನ್ನೇನು ವಾರ ಇದೆ ಎನ್ನುವಾಗ ಅವರು ಮಾಸ್ತರರನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಬಂದರು. ಗುಡದಪ್ಪ ಎದ್ದು ನಿಂತು ಕುರ್ಚಿ ಸರಿಸಿದ.

"ಯಾಂವೋ ಧಾರವಾಡದಾಗ ಕುಂತು ನಮ್ಮೂರಿನ ಮಾನ ಹರಾಜ ಹಾಕ್ಯಾನ," ಎಂದರು ಗೌಡರು. "ಅಂವಗ ನಾವು ತೋರಸಬೇಕು. ಈ ಸರ್ತಿ ಗಾದಿ ಮ್ಯಾಲ ನೀನ ಕುಂದರಪಾ."

ಗುಡದಪ್ಪ ಮಾಸ್ತರರ ಮುಖ ನೋಡಿದ. ಅವರು ಕಪಾಟಿನ ಕಡೆ ನೋಡುತ್ತಿದ್ದರು.

"ಆದ್ರ ಒಂದ ಮಾತು," ಗೌಡರು ದನಿ ಇಳಿಸಿದರು. "ಆ ಹಳ್ಳದ ಅಧ್ಯಾಯ ಬ್ಯಾಡ. ಅದನ್ನ ಓದೂಮುಂದ ಯಾವನರ ಎದ್ದು ಕರಿಯ ಅನ್ನಾಂವ, ಯಾವನರ ದುರುಗ ಅನ್ನಾಂವ. ಮಠದಾಗ ಗದ್ದಲ ಆಗಬಾರದು. ಸೂಲಗಿತ್ತಿ ಬಂದಳು ಅಂತ ಓದಿ ತೊಟ್ಟಲಕ್ಕ ಬಂದಬಿಡು."

"ಗೌಡ್ರ, ಅಂವನ ಇಲ್ಲದಿದ್ರ ಸೂಲಗಿತ್ತಿ ಹೆಂಗ ಬಂದ್ಲು ಅಂತ ಮಂದಿ ಕೇಳಂಗಿಲ್ಲೇನ್ರಿ?"

"ಯಾರೂ ಕೇಳಂಗಿಲ್ಲ," ಎಂದರು ಗೌಡರು. ಅದೊಂದು ಮಾತು ಮಾತ್ರ ಆ ಚರ್ಚೆಯಲ್ಲೆಲ್ಲ ಅಗದಿ ನಿಜವಾಗಿತ್ತು.

ಗುಡದಪ್ಪ ಮಾಸ್ತರರ ಕಡೆ ತಿರುಗಿದ. "ಮಾಸ್ತರ, ನೀವು ಹೇಳ್ರಿ. ಆ ಅಧ್ಯಾಯ ತಗದ್ರ ಕಥ್ಯಾಗ ಏನ ಉಳೀತೈತ್ರಿ?"

ಮಾಸ್ತರರು ಪೊರೆ ಬಂದ ಕಣ್ಣನ್ನು ಒರೆಸಿಕೊಂಡರು. "ನಿನ್ನ ಸಲುವಾಗಿನ ನಾನ ಗೌಡರಿಗೆ ತಗೀರಿ ಅಂದೆನಪಾ. ಆ ಅಧ್ಯಾಯದಿಂದ ನಿನಗ ನೋವಾಗೈತಿ. ನೋವಾಗೋದನ್ನ ನಿನ್ನ ಬಾಯಿಲೆ ಓದಿಸಬಾರದು."

ಅವರು ಅದನ್ನು ಮನಸಾರೆ ಹೇಳಿದರು. ಕೆಟ್ಟವರಾಗಿದ್ದರೆ ಜಗಳ ತೆಗೆಯಬಹುದಿತ್ತು.

ಒಲ್ಲೆ ಎನ್ನಬೇಕಿತ್ತು. ಅನ್ನಲಿಲ್ಲ. ಈ ವರ್ಷ ಗಾದಿಯ ಮೇಲೆ ಕೂತರೆ ಮುಂದಿನ ವರ್ಷ ಪೂರ್ತಿ ಓದಬಹುದು ಎಂದು ತನಗೆ ತಾನೇ ಹೇಳಿಕೊಂಡ. ಕೇರಿಯಿಂದ ಮೊದಲನೆಯವನು ಕೂಡುವುದು ಮುಖ್ಯ, ಉಳಿದದ್ದು ಆಮೇಲೆ ಎಂದುಕೊಂಡ. ಇವೆಲ್ಲ ಇರಲಿ, ಅವನಿಗೆ ಆ ಗಾದಿ ಬೇಕಿತ್ತು. ಹುಟ್ಟಿದಾಗಿನಿಂದ ಬೇಕಿದ್ದದ್ದು ಎದುರಿಗೆ ಬಂದು ನಿಂತಾಗ ಕೈ ಹಿಂದೆ ಕಟ್ಟಿಕೊಳ್ಳುವುದು ಸುಲಭವಲ್ಲ.

"ಆಗಲ್ರಿ," ಎಂದ.

ಸುದ್ದಿ ಕೇಳಿ ತಾಯವ್ವ ಕುಣಿಯುವುದೊಂದು ಬಾಕಿ. ಇದ್ದುದರಲ್ಲಿ ಒಳ್ಳೆಯ ಇಳಕಲ್ಲ ಸೀರೆ ಒಗೆದು ಹಾಕಿದಳು. ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದಳು. "ನಮ್ಮಾಂವ ಬರೂ ದಿನ ದನಿ ಜರ ಎತ್ತಿ ಓದಪಾ," ಎಂದಳು. "ಮಾಸ್ತರದು ಈಚೀಚಿಗೆ ಗ್ವಾಡಿ ದಾಟತಿದ್ದಿಲ್ಲ." ಗುಡದಪ್ಪ ಹೂಂ ಎಂದ.

ಗಾದಿಯ ಮೇಲೆ ಅವನು ಚೆನ್ನಾಗಿ ಓದಿದ. ಊರು ಅಂಥ ಓದು ಕೇಳಿರಲಿಲ್ಲ. ಗೌಡನ ಗತ್ತು, ಗೌಡತಿಯ ಬಿಗುಮಾನ, ಸೂಲಗಿತ್ತಿಯ ಕೊಂಕು, ಒಂದೊಂದಕ್ಕೂ ಅವನ ದನಿಯಲ್ಲಿ ಬೇರೆ ಬೇರೆ ಬಣ್ಣವಿತ್ತು. ಈರಬಸಪ್ಪ ಗೌಡರು ಕಂಬಕ್ಕೆ ಒರಗಿ ತಲೆದೂಗಿದರು. ಧಾರವಾಡಕ್ಕೆ ತೋರಿಸಬೇಕೆಂದು ಫೋಟೋದವನನ್ನೂ ಕರೆಸಿದ್ದರು. ಕೇರಿಯವರು ಮಾತ್ರ ಎಂದಿನಂತೆ ಗೋಡೆಯಾಚೆ ಕೂತಿದ್ದರು. ಓದುವವನು ಒಳಗೆ ಬಂದಿದ್ದ, ಕೇಳುವವರು ಹೊರಗೇ ಇದ್ದರು. ಅದರ ಮಾತು ಗೌಡರೂ ಎತ್ತಲಿಲ್ಲ, ಗುಡದಪ್ಪನೂ ಎತ್ತಲಿಲ್ಲ.

ತೊಟ್ಟಿಲ ದಿನ ಬಂತು. ಗೌಡತಿಗೆ ಬೇನೆ ಶುರುವಾಯಿತು, ಮಳೆ ಹಿಡಿಯಿತು, ಹಳ್ಳ ತುಂಬಿತು. ಗೋಡೆಯಾಚೆ ಮಾತು ನಿಂತಿತು. ಅವ್ವ ಈಗ ಮುಂದೆ ಸರಿದು ಕೂತಿರುತ್ತಾಳೆ, ಸೆರಗು ಕೈಯಲ್ಲಿ ಹಿಡಿದಿರುತ್ತಾಳೆ ಎಂಬುದು ಗುಡದಪ್ಪನಿಗೆ ನೋಡದೆಯೂ ಗೊತ್ತಿತ್ತು. ಅವನು ಹಾಳೆಗಳನ್ನು ಒಟ್ಟಿಗೆ ಹಿಡಿದು ತಿರುವಿದ. "ಅಷ್ಟರಲ್ಲಿ ಸೂಲಗಿತ್ತಿ ಬಂದಳು," ಎಂದ. ಆ ವಾಕ್ಯ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ವಿಮರ್ಶೆ ಬರೆಯಲು ಹೊರಟವನು ಅಷ್ಟು ದೊಡ್ಡ ಕೃತಿಗೆ ತನ್ನದೊಂದು ವಾಕ್ಯ ಸೇರಿಸಿದ.

ಯಾರೂ ಏನೂ ಕೇಳಲಿಲ್ಲ. ಕೂಸು ಹುಟ್ಟಿತು, ಹೆಣ್ಣುಮಕ್ಕಳು ತೊಟ್ಟಿಲು ತೂಗಿದರು, ಜೋಗುಳ ಎದ್ದಿತು. ಗೋಡೆಯಾಚೆಗೂ ಬುಟ್ಟಿಯಲ್ಲಿ ಗುಗ್ಗರಿ ಹೋಯಿತು.

ಓದು ಮುಗಿಸಿ ಹೊರಗೆ ಬಂದಾಗ ತಾಯವ್ವ ಬೇವಿನ ಬುಡದಲ್ಲಿ ಇನ್ನೂ ಕೂತಿದ್ದಳು. ಗುಗ್ಗರಿ ಅಂಗೈಯಲ್ಲೇ ಇತ್ತು. "ನಮ್ಮಾಂವ ಬರಲಿಲ್ಲಲ್ಲೋ ಗುಡದ್ಯಾ," ಎಂದಳು. "ನನಗ ಜರ ಕಣ್ಣ ಹತ್ತಿತ್ತೇನ ಮತ್ತ?"

"ಮುಂದ ಬರತಾನೇಳಬೇ," ಎಂದ ಗುಡದಪ್ಪ.

ಅವಳು ನಂಬಿದಳು. ಮಗ ಓದಿದವನು, ಕಥೆಯಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅವನಿಗೆ ಗೊತ್ತಿರುತ್ತದೆ. ಮರುದಿನವೂ ಬಂದು ಕಾದಳು, ಅದರ ಮರುದಿನವೂ. ಗೌಡತಿಯ ಮಗ ದೊಡ್ಡವನಾದ, ಮದುವೆಯಾದ, ಗೌಡ ಮುದುಕನಾಗಿ ಸತ್ತ, ಓದು ಮಂಗಲವಾಯಿತು. ಗುಡದಪ್ಪನಿಗೆ ಶಾಲು ಹೊದಿಸಿ ಹಾರ ಹಾಕಿದರು. ಆ ಹಾರ ಹಾಕಿಕೊಂಡೇ ಅವನು ಮನೆಗೆ ಹೋದಾಗ ತಾಯವ್ವ ಒಲೆಯ ಮುಂದೆ ಕೂತಿದ್ದಳು. ಹಾರದ ಕಡೆ ನೋಡಲಿಲ್ಲ.

"ಅಂವನ್ನ ಯಾರ ತಗದ್ರು?" ಎಂದು ಕೇಳಿದಳು.

ಗುಡದಪ್ಪ ಎಲ್ಲ ಹೇಳಿದ. ಎರಡು ಹೆಸರಿನ ಮಾತು, ಪತ್ರಿಕೆಯ ಮಾತು, ಗೌಡರ ಮಾತು, ಮಾಸ್ತರರ ಮಾತು. ಅಂವನ ಹೆಸರು ಒಂದು ಆಗಲಿ ಅಂತ ಬರದಿದ್ನೆವ್ವಾ ಎಂದ. ಹೇಳುತ್ತಾ ಹೇಳುತ್ತಾ ಅವನಿಗೆ ಅಳು ಬಂತು. ತಾಯವ್ವ ರೊಟ್ಟಿ ಮಗುಚಿ ಹಾಕಿದಳು.

"ಎರಡ ಹೆಸರಿದ್ರ ಏನಾಗಿತ್ತೋ ನನ್ನಪ್ಪಾ," ಎಂದಳು. "ಅಂವ ಇದ್ನಲ್ಲ."

ಮುಂದಿನ ಶ್ರಾವಣಕ್ಕೆ ಗುಡದಪ್ಪ ಗೌಡರ ಹತ್ತಿರ ಹೋಗಿ ಪೂರ್ತಿ ಓದುತ್ತೇನೆಂದು ಕೇಳಿಕೊಂಡ. ಹೋದ ಸಲ ಎಷ್ಟು ಸುಸೂತ್ರವಾಯಿತು, ಯಾರಿಗೂ ಏನೂ ಕಡಿಮೆ ಅನಿಸಲಿಲ್ಲವಲ್ಲ ಎಂದರು ಗೌಡರು. ಮಾಸ್ತರರು ಆ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಗಾದಿ ಬಿಟ್ಟುಬಿಡುತ್ತೇನೆಂದು ಹೇಳಲು ಗುಡದಪ್ಪ ಬಾಯಿ ತೆರೆದ, ಹೇಳಲಿಲ್ಲ. ಮತ್ತೆ ಹಾಗೆಯೇ ಓದಿದ. ಸೂಲಗಿತ್ತಿ ತಾನಾಗಿಯೇ ಬಂದಳು.

ಆ ವರ್ಷ ತಾಯವ್ವ ಮಠದ ಕಡೆ ಹಾಯಲಿಲ್ಲ. ತೊಟ್ಟಿಲ ದಿನದ ಗುಗ್ಗರಿಯನ್ನು ಗುಡದಪ್ಪನೇ ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ದು ಅವಳ ಮುಂದೆ ಇಟ್ಟ. ಅವಳು ಅದನ್ನು ತಿನ್ನಲಿಲ್ಲ, ಹಳ್ಳದ ದಿಕ್ಕಿಗೆ ಎಡೆಯನ್ನೂ ಇಡಲಿಲ್ಲ. ಹೊರಗೆ ಕಟ್ಟಿದ್ದ ಆಡಿನ ಮುಂದೆ ಸುರುವಿ ಬಂದಳು.